ಮುಂಬಯಿ ಕಟ್ಟಡಗಳಲ್ಲಿ ಕೇಬಲ್ ಬ್ರಾಡ್‌ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದ ಹಳೆಯ ಮೂರು ಮಾಳಿಗೆಯ ಕಟ್ಟಡದಿಂದ ಡೊಂಬಿವಲಿಯ ಹೊಸ ಟವರ್‌ವರೆಗೆ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇದು ಮನೆಯವರಿಗೆ, ಸೊಸೈಟಿಯ ಕಮಿಟಿಯವರಿಗೆ, ಹೋಟೆಲ್ ನಡೆಸುವವರಿಗೆ, ಜೊತೆಗೆ ಸ್ವತಃ ಏಣಿ ಹತ್ತುವ ಕೇಬಲ್ ಹುಡುಗರಿಗೂ ಬರೆದದ್ದು. ಇಲ್ಲಿ ಹೇಳುವುದು ಟಿವಿಯ ಕೋಆಕ್ಸ್ ಕೇಬಲ್ಲಿನಲ್ಲೇ ಬರುವ ಡಾಕ್ಸಿಸ್ ಇಂಟರ್ನೆಟ್ ಬಗ್ಗೆ. ಫೈಬರ್ ಮಾತು ಕೊನೆಯ ಕಡೆಗೆ ಬರುತ್ತದೆ.

ಪ್ಲಾನ್ 200 ಎಂಬಿಪಿಎಸ್. ಸ್ಪೀಡ್ ಟೆಸ್ಟ್ 94ರ ಮೇಲೆ ಏರುವುದೇ ಇಲ್ಲ. ಕೇಬಲ್‌ನವರು ಮೋಸ ಮಾಡುತ್ತಿದ್ದಾರೆಯೇ?

ಬಹುಮಟ್ಟಿಗೆ ಇಲ್ಲ. 94 ಎಂಬ ಅಂಕಿಯೇ ಕಾರಣವನ್ನು ಹೇಳುತ್ತದೆ. 100 ಎಂಬಿಪಿಎಸ್ ಪೋರ್ಟಿನಲ್ಲಿ ಹೆಡರ್‌ಗಳ ಹೊರೆ ಕಳೆದರೆ ಉಳಿಯುವುದು ಅಷ್ಟೇ. ಗಿಗಾಬಿಟ್ ಪೋರ್ಟ್ ಆದರೆ ಇದೇ ಲೆಕ್ಕದಲ್ಲಿ 940ರ ಸುತ್ತ ನಿಲ್ಲುತ್ತದೆ. ಹಳೆಯ ರೂಟರ್‌ನ ವ್ಯಾನ್ ಪೋರ್ಟ್ (ಮೋಡೆಮ್‌ನಿಂದ ತಂತಿ ಬಂದು ಸೇರುವ ಪೋರ್ಟ್) 100ರದ್ದಾಗಿರಬಹುದು. ಇಲ್ಲವೇ ನೆಟ್‌ವರ್ಕ್ ತಂತಿಯ ನಾಲ್ಕು ಜೋಡಿಗಳಲ್ಲಿ ಒಂದು ತುಂಡಾಗಿರಬಹುದು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಹಾಗಾಗಿ ತಂತಿ ಅರ್ಧ ಸತ್ತರೂ ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ. ಮೊದಲು ಕ್ಯಾಟ್-5ಇ ತಂತಿ ಬದಲಿಸಿ, ಲ್ಯಾಪ್‌ಟಾಪನ್ನು ನೇರ ಮೋಡೆಮ್‌ಗೆ ಸಿಕ್ಕಿಸಿ ನೋಡಿ. ಮಂಚದ ಮೇಲೆ ಮಲಗಿ ಫೋನಿನಲ್ಲಿ ಮಾಡಿದ ಟೆಸ್ಟ್ ಅಳೆಯುವುದು ನಿಮ್ಮ ವೈಫೈಯನ್ನು, ಕೇಬಲ್ಲನ್ನಲ್ಲ.

ಮೋಡೆಮ್ ಒಳಗಿನ ಯಾವ ಅಂಕಿಗಳನ್ನು ನೋಡಬೇಕು?

ಬ್ರೌಸರ್‌ನಲ್ಲಿ 192.168.100.1 ತೆರೆಯಿರಿ. ಬಹಳಷ್ಟು ಕೇಬಲ್ ಮೋಡೆಮ್‌ಗಳು ಈ ವಿಳಾಸಕ್ಕೆ ಉತ್ತರಿಸುತ್ತವೆ. ಸಿಗ್ನಲ್ ಪುಟದಲ್ಲಿ ಮೂರು ಸಂಗತಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ಡೌನ್‌ಸ್ಟ್ರೀಮ್ ಪವರ್: ಮನೆಗೆ ಬರುವ ಸಿಗ್ನಲ್‌ನ ಬಲ. ಡಾಕ್ಸಿಸ್ ನಿಯಮ −15ರಿಂದ +15 ಡಿಬಿಎಂವಿ (ಸಿಗ್ನಲ್ ಬಲದ ಅಳತೆ) ತನಕ ಒಪ್ಪುತ್ತದೆ. ನಾವು −7ರಿಂದ +7ರ ಒಳಗೆ ಇರಲಿ ಎನ್ನುತ್ತೇವೆ. ಒಂದೊಂದು ಚಾನಲ್‌ನ ಅಂಕಿಗಿಂತ ಅಕ್ಕಪಕ್ಕದ ಚಾನಲ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಪಕ್ಕದ್ದಕ್ಕಿಂತ ಒಂದು ಚಾನಲ್ 3 ಡಿಬಿ ತಗ್ಗಿದ್ದರೆ ಅಲ್ಲೇನೋ ಇದೆ.

ಎಸ್‌ಎನ್‌ಆರ್: ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು. 256-ಕ್ಯಾಮ್ ಚಾನಲ್‌ಗೆ (ಕ್ಯಾಮ್ ಎಂದರೆ ಚಾನಲ್‌ನಲ್ಲಿ ಡೇಟಾ ತುಂಬುವ ವಿಧಾನ, ಅಂಕಿ ದೊಡ್ಡದಾದಷ್ಟೂ ಹೆಚ್ಚು ಡೇಟಾ) 33 ಡಿಬಿ ಕೆಳಗಿನ ಗೆರೆ, 36ರ ಮೇಲಿದ್ದರೆ ನೆಮ್ಮದಿ.

ಅಪ್‌ಸ್ಟ್ರೀಮ್ ಪವರ್: ಮನೆಯಿಂದ ಹೊರಗೆ ಕಳಿಸಲು ಮೋಡೆಮ್ ಎಷ್ಟು ಜೋರಾಗಿ ಕೂಗುತ್ತಿದೆ ಎಂಬುದು. 38ರಿಂದ 48 ಡಿಬಿಎಂವಿ ಒಳ್ಳೆಯದು. ಡಾಕ್ಸಿಸ್ 3.0ರಲ್ಲಿ ನಾಲ್ಕು ಅಪ್‌ಸ್ಟ್ರೀಮ್ ಚಾನಲ್ ಒಟ್ಟಿಗಿದ್ದು 64-ಕ್ಯಾಮ್‌ನಲ್ಲಿ ನಡೆಯುವಾಗ ಒಂದೊಂದಕ್ಕೆ 51 ಎಂಬುದೇ ಮಿತಿ. ಅದನ್ನು ಮುಟ್ಟಿದ ಮೋಡೆಮ್‌ಗೆ ಇನ್ನು ಕೂಗಲು ಉಸಿರಿಲ್ಲ.

ಇವುಗಳ ಜೊತೆ ಸರಿಪಡಿಸಲಾಗದ ಕೋಡ್‌ವರ್ಡ್‌ಗಳ (ದಾರಿಯಲ್ಲಿ ಕೆಟ್ಟುಹೋದ ಡೇಟಾ ತುಣುಕುಗಳ) ಎಣಿಕೆಯನ್ನೂ ನೋಡಿ. ಮೋಡೆಮ್ ರೀಬೂಟ್ ಮಾಡಿ, ಅರ್ಧ ಗಂಟೆ ಬಿಟ್ಟು ಎಷ್ಟು ಏರಿದೆ ಎಂದು ಬರೆದಿಡಿ. ತಿಂಗಳಿಂದ ಕೂಡಿಕೊಂಡು ಬಂದ ದೊಡ್ಡ ಮೊತ್ತ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಟೆಕ್ನಿಷಿಯನ್ ಮೀಟರ್ 62 ಎನ್ನುತ್ತದೆ, ಮೋಡೆಮ್ 2 ಎನ್ನುತ್ತದೆ. ಯಾವುದು ಸರಿ?

ಎರಡೂ. ಮೀಟರ್ ಡಿಬಿ-ಮೈಕ್ರೋವೋಲ್ಟಿನಲ್ಲಿ, ಮೋಡೆಮ್ ಡಿಬಿ-ಮಿಲಿವೋಲ್ಟಿನಲ್ಲಿ ಮಾತಾಡುತ್ತವೆ. ಮೀಟರ್ ಅಂಕಿಯಿಂದ 60 ಕಳೆಯಿರಿ.

ಡೌನ್‌ಸ್ಟ್ರೀಮ್ ಚೆನ್ನಾಗಿದೆ, ಆದರೆ ಅಪ್‌ಸ್ಟ್ರೀಮ್ 51ಕ್ಕೆ ಅಂಟಿಕೊಂಡಿದೆ. ಹೇಗೆ ಸಾಧ್ಯ, ಕೇಬಲ್ ಒಂದೇ ಅಲ್ಲವೇ?

ಕೇಬಲ್ ಒಂದೇ, ಫ್ರೀಕ್ವೆನ್ಸಿ ಬೇರೆ. ನಮ್ಮ ಕಡೆ 8 ಮೆಗಾಹರ್ಟ್ಜ್ ಚಾನಲ್ ಬಳಸುವ ಜಾಲಗಳಲ್ಲಿ ಅಪ್‌ಸ್ಟ್ರೀಮ್ ಸಾಮಾನ್ಯವಾಗಿ 5ರಿಂದ 65 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ, ಡೌನ್‌ಸ್ಟ್ರೀಮ್ ಅದರ ಮೇಲೆ. ಕನೆಕ್ಟರಿನ ನಡುತಂತಿ ಪೂರ್ತಿ ತಾಗದೆ ಕೂದಲೆಳೆಯಷ್ಟು ಸಂದಿ ಉಳಿದರೆ ಆ ಸಂದಿ ಒಂದು ಸಣ್ಣ ಕೆಪಾಸಿಟರ್ ಆಗುತ್ತದೆ. ಮೇಲಿನ ಫ್ರೀಕ್ವೆನ್ಸಿ ಅದನ್ನು ಹಾರಿ ದಾಟುತ್ತದೆ, ಕೆಳಗಿನದಕ್ಕೆ ದಾಟಲು ಆಗುವುದಿಲ್ಲ. ನೀರು ಹೊಕ್ಕ ಕೇಬಲ್‌ನಲ್ಲಿ ಇದರ ಉಲ್ಟಾ: ಮೇಲಿನ ಚಾನಲ್‌ಗಳು ಮೊದಲು ಬೀಳುತ್ತವೆ, ಕೆಳಗಿನವು ಕೊನೆಯ ತನಕ ಬದುಕಿರುತ್ತವೆ.

ಆದ್ದರಿಂದ ಮೋಡೆಮ್ ಬದಲಿಸುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಟ್ಟಿರುವುದು ಕೆಳಗಿನ ತುದಿಯೋ, ಮೇಲಿನ ತುದಿಯೋ? ಕೆಳಗಿನದಾದರೆ ಸಡಿಲ ಕನೆಕ್ಟರ್, ತುಕ್ಕು ಹಿಡಿದ ನಡುತಂತಿ ಅಥವಾ ಟ್ಯಾಪಿನ (ಮುಖ್ಯ ಕೇಬಲ್‌ನಿಂದ ಮನೆಗಳಿಗೆ ಸಿಗ್ನಲ್ ಕವಲೊಡೆಸುವ ಡಬ್ಬಿಯ) ಮುಖ. ಮೇಲಿನದಾದರೆ ನೀರು, ಅತಿ ಉದ್ದದ ಕೇಬಲ್ ಅಥವಾ 450 ಮೆಗಾಹರ್ಟ್ಜ್‌ಗೆ ಮಾಡಿದ ಹಳೆಯ ಸ್ಪ್ಲಿಟರ್ (ಒಂದು ಕೇಬಲ್ಲನ್ನು ಹಲವು ದಾರಿಗೆ ಹಂಚುವ ತುಣುಕು). ಎರಡೂ ಸಮಾನವಾಗಿ ತಗ್ಗಿದ್ದರೆ ಯಾರೋ ನಡುವೆ ಸ್ಪ್ಲಿಟರ್ ಸೇರಿಸಿದ್ದಾರೆ.

ಮಳೆ ಶುರುವಾದ ಕೂಡಲೇ ಹೋಗುತ್ತದೆ, ಬಿಸಿಲು ಬಂದರೆ ಸರಿಯಾಗುತ್ತದೆ. ಪ್ರತಿ ಜೂನ್‌ನಲ್ಲೂ ಇದೇ ಕಥೆ.

ಇದರಲ್ಲಿ ಎರಡು ಬಗೆ. ಮಳೆ ಬಿದ್ದ ಐದು ಹತ್ತು ನಿಮಿಷಕ್ಕೆ ಹೋಗಿ, ನಿಂತ ಮೇಲೆ ಬರುತ್ತದೆ ಎಂದರೆ ಎಲ್ಲೋ ಜೋಡಣೆ ಬಾಯಿ ತೆರೆದಿದೆ: ಟೆರೇಸಿನ ಟ್ಯಾಪ್ ಮುಚ್ಚಳ, ಗ್ಯಾಸ್ಕೆಟ್ ಇಲ್ಲದ ಆಂಪ್ಲಿಫೈಯರ್, ರಬ್ಬರ್ ಬೂಟ್ ಹಾಕದ ಕನೆಕ್ಟರ್. ಮಳೆಯ ಎರಡನೆಯ ದಿನ ಹೋಗಿ, ಬಿಸಿಲು ಬಂದ ಮೇಲೂ ವಾರಗಟ್ಟಲೆ ಸರಿಯಾಗದಿದ್ದರೆ ನೀರು ಕೇಬಲ್ಲಿನ ಒಳಗೇ ಸೇರಿದೆ. ಹೊರಗವಚದ ಒಂದು ಬಿರುಕು ಸಾಕು. ಒಳಗಿನ ಹೆಣೆದ ಜಾಲರಿ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರನ್ನು ಮೀಟರುಗಟ್ಟಲೆ ಎಳೆದುಕೊಳ್ಳುತ್ತದೆ. ಅದನ್ನು ಒಣಗಿಸುವ ಉಪಾಯ ಇಲ್ಲ. ತುದಿ ಕತ್ತರಿಸಿ ನೋಡಿ: ಜಾಲರಿ ಹೊಳೆಯುತ್ತಿದ್ದರೆ ಹೊಸ ಕನೆಕ್ಟರ್ ಹಾಕಿ. ಕಪ್ಪಾಗಿದ್ದರೆ ಅಥವಾ ಬಿಳಿ ಹುಡಿ ಕಂಡರೆ ಇನ್ನೊಂದು ಮೀಟರ್ ಕತ್ತರಿಸಿ ಮತ್ತೆ ನೋಡಿ. ಎರಡು ಸಲ ಕತ್ತರಿಸಿದರೂ ಕಪ್ಪೇ ಇದ್ದರೆ ಪೂರ್ತಿ ಎಳೆದು ಬಿಸಾಡಿ.

ವರ್ಲಿ, ಬಾಂದ್ರಾ, ವರ್ಸೋವಾದಂಥ ಕಡಲಂಚಿನಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಬೇರೆ ಬೇರೆ ಲೋಹಗಳು ಸೇರುವ ಕಡೆ ಉಪ್ಪುನೀರು ಬಿದ್ದರೆ ತುಕ್ಕು ಬೇಗ. ಹೊರಗೆ ಬಿಳಿ ಪಿವಿಸಿ ಕೇಬಲ್ ಬೇಡವೇ ಬೇಡ, ಬಿಸಿಲಿಗೆ ಸೀಳುತ್ತದೆ. ಕಪ್ಪು ಪಾಲಿಥೀನ್ ಕವಚದ, ಒಳಗೆ ಜೆಲ್ ತುಂಬಿದ ಕೇಬಲ್ ಹಾಕಿ. ಪೋರ್ಟಿಗೆ ಸೇರುವ ಮೊದಲು ಕೇಬಲ್ 10–15 ಸೆಂಟಿಮೀಟರ್ ಕೆಳಗಿಳಿದು ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಸಾಮಾನ್ಯ ಇನ್ಸುಲೇಷನ್ ಟೇಪ್ ನೀರನ್ನು ತಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ತಂದು, ಊರಿನ ಮನೆಗೆ ಹೆಂಚು ಹೊದಿಸುವ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಸುತ್ತಿ. ಇದೆಲ್ಲ ಮೇ ತಿಂಗಳ ಕೆಲಸ. ಜುಲೈಯಲ್ಲಿ ಒದ್ದೆ ಟೆರೇಸ್ ಮೇಲೆ ಮಾಡಿದ ಜೋಡಣೆ ಒಳಗೆ ತೇವ ಹಿಡಿದುಕೊಂಡೇ ಮುಚ್ಚಿರುತ್ತದೆ.

ಕನೆಕ್ಟರ್ ಸರಿಯಾಗಿ ಹಾಕುವುದು ಹೇಗೆ?

ಕಂಪ್ರೆಷನ್ ಕನೆಕ್ಟರ್ ಮಾತ್ರ. ತಿರುಗಿಸಿ ಹಾಕುವ, ಇಕ್ಕಳದಲ್ಲಿ ಅಮುಕುವ ಕನೆಕ್ಟರ್‌ಗಳನ್ನು ಕಂಡಲ್ಲೆಲ್ಲ ತೆಗೆಯಿರಿ. ಸ್ಟ್ರಿಪ್ಪರ್ ಕಾಲು ಇಂಚು ನಡುತಂತಿ, ಕಾಲು ಇಂಚು ಬಿಳಿ ಫೋಮ್ ಬಿಡುವಂತಿರಲಿ. ಜಾಲರಿಯನ್ನು ಹಿಂದಕ್ಕೆ ಮಡಚಿ, ಫೋಮ್‌ಗೆ ಅಂಟಿದ ಫಾಯಿಲ್ ಹಾಗೇ ಇರಲಿ. ಫೋಮ್ ಕನೆಕ್ಟರಿನ ಒಳತಳಕ್ಕೆ ಸಮವಾಗುವ ತನಕ ದೂಡಿ, ಆಮೇಲೆ ಒತ್ತಿ. ನಡುತಂತಿ ಕನೆಕ್ಟರಿನ ಬಾಯಿಂದ ಸುಮಾರು 3 ಮಿಲಿಮೀಟರ್ ಹೊರಗೆ ಕಾಣಬೇಕು. ಉದ್ದವಾದರೆ ಪೋರ್ಟಿನ ಒಳಗೆ ಬೇರೆ ಏನನ್ನೋ ತಾಗುತ್ತದೆ, ಗಿಡ್ಡವಾದರೆ ಮೇಲೆ ಹೇಳಿದ ಕೆಪಾಸಿಟರ್. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್. ಕೊನೆಗೆ 11 ಮಿಲಿಮೀಟರ್ ಸ್ಪ್ಯಾನರಿನಲ್ಲಿ ಬಿಗಿಯಿರಿ. ಕೈಬೆರಳಿನ ಬಿಗಿ ಸಾಕಾಗುವುದಿಲ್ಲ. ಆದರೆ ಟಿವಿಯ ಹಿಂದಿನ ಪೋರ್ಟಿಗೆ ಸ್ಪ್ಯಾನರ್ ಹಚ್ಚಿ ಬೋರ್ಡನ್ನೇ ಕೀಳಬೇಡಿ.

ಮನೆಯೊಳಗೆ ಎಷ್ಟು ಸ್ಪ್ಲಿಟರ್ ಇರಬಹುದು? ಬೂಸ್ಟರ್ ಹಾಕಿದರೆ ಹೇಗೆ?

ಎರಡು ದಾರಿಯ ಸ್ಪ್ಲಿಟರ್ ಸುಮಾರು 3.5–4 ಡಿಬಿ ತಿನ್ನುತ್ತದೆ, ನಾಲ್ಕು ದಾರಿಯದು 7–8, ಎಂಟರದು 11ರ ಆಸುಪಾಸು. ಒಳಗೆ ಬರುವ ಕೇಬಲ್‌ಗೆ ಮೊದಲು ಒಂದೇ ಎರಡು ದಾರಿಯ ಸ್ಪ್ಲಿಟರ್: ಒಂದು ಕಾಲು ನೇರ ಮೋಡೆಮ್‌ಗೆ, ಇನ್ನೊಂದರ ಮುಂದೆ ಟಿವಿಗಳ ಸಂಸಾರ. ಬಳಸದ ಪ್ರತಿ ಪೋರ್ಟಿಗೂ 75 ಓಮ್ ಟರ್ಮಿನೇಟರ್ (ಖಾಲಿ ಪೋರ್ಟ್ ಮುಚ್ಚುವ ಟೋಪಿ) ಬೇಕು. ಅಗ್ಗದ ತುಣುಕು ಅದು, ಅದಿಲ್ಲದ ಕಾರಣಕ್ಕೆ ಆಗುವ ತೊಂದರೆ ಮಾತ್ರ ಅಗ್ಗವಲ್ಲ. ಬಜಾರಿನ ಟಿವಿ ಬೂಸ್ಟರ್ ಬಹುಪಾಲು ಒಂದೇ ದಿಕ್ಕಿನದು. ಅಪ್‌ಸ್ಟ್ರೀಮ್ ಅದರೊಳಗೆ ಸತ್ತೇ ಹೋಗುತ್ತದೆ. ಟಿವಿ ಹೊಳೆಯುತ್ತದೆ, ಮೋಡೆಮ್ ಆನ್‌ಲೈನ್ ಬರುವುದಿಲ್ಲ.

ಏಳು ಮಾಳಿಗೆಯ ಕಟ್ಟಡಕ್ಕೆ ಟ್ಯಾಪ್ ಆರಿಸುವ ಲೆಕ್ಕ ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಟೆರೇಸಿನ ಆಂಪ್ಲಿಫೈಯರ್ 750 ಮೆಗಾಹರ್ಟ್ಜ್‌ನಲ್ಲಿ 40 ಡಿಬಿಎಂವಿ ಕೊಡುತ್ತದೆ. ಕೆಳಗಿಳಿಯುವ ಕೇಬಲ್ ಆರ್‌ಜಿ-11. ಅದು 100 ಮೀಟರಿಗೆ ಅಲ್ಲಿ ಸುಮಾರು 12 ಡಿಬಿ ತಿನ್ನುತ್ತದೆ, ಹೀಗಾಗಿ 24 ಮೀಟರಿಗೆ 2.9. ಟ್ಯಾಪಿನಿಂದ ಮನೆಗೆ ಆರ್‌ಜಿ-6, ಅದರ ಲೆಕ್ಕ 100 ಮೀಟರಿಗೆ 18.5, ಅಂದರೆ 20 ಮೀಟರಿಗೆ 3.7. ಮನೆಯ ಸ್ಪ್ಲಿಟರ್ 4. ಟ್ಯಾಪ್ 23 ಡಿಬಿಯದ್ದಾದರೆ, ಅಂದರೆ ಮನೆಗೆ ಕೊಡುವಾಗ ಸಿಗ್ನಲ್ಲನ್ನು 23 ಡಿಬಿ ತಗ್ಗಿಸುವುದಾದರೆ, ಮೋಡೆಮ್‌ಗೆ ಸಿಗುವುದು 40 − 2.9 − 23 − 3.7 − 4, ಅಂದರೆ ಸುಮಾರು +6.4. ಚೆನ್ನಾಗಿದೆ.

ಈಗ ಹಿಂದಿರುಗುವ ದಾರಿ. 30 ಮೆಗಾಹರ್ಟ್ಜ್‌ನಲ್ಲಿ ಕೇಬಲ್ ಬಹಳ ಕಡಿಮೆ ತಿನ್ನುತ್ತದೆ, ಎರಡೂ ಸೇರಿ ಒಂದೂವರೆ ಡಿಬಿ. ಟ್ಯಾಪಿನ 23, ಸ್ಪ್ಲಿಟರಿನ 3.5 ಸೇರಿಸಿದರೆ 28. ಆಂಪ್ಲಿಫೈಯರಿಗೆ ಅಪ್‌ಸ್ಟ್ರೀಮ್ 15 ಡಿಬಿಎಂವಿ ತಲುಪಬೇಕು ಎಂದು ವಿನ್ಯಾಸ ಇದ್ದರೆ ಮೋಡೆಮ್ 43ರಲ್ಲಿ ಕೂಗುತ್ತದೆ. ಇದೂ ಒಪ್ಪುವ ಅಂಕಿಯೇ. ಮೇಲಿನ ಲೆಕ್ಕದಲ್ಲಿ ನಡುವಿನ ಟ್ಯಾಪ್‌ಗಳನ್ನು ಬಿಟ್ಟಿದ್ದೇವೆ. ಸಾಲಿನಲ್ಲಿರುವ ಪ್ರತಿ ಟ್ಯಾಪೂ ತನ್ನ ಮೂಲಕ ಹಾದುಹೋಗುವ ಸಿಗ್ನಲ್‌ನಿಂದ ಒಂದು ಒಂದೂವರೆ ಡಿಬಿ ಕೀಳುತ್ತದೆ. ಅದಕ್ಕೇ ಮೇಲಿನ ಮಾಳಿಗೆಗೆ ದೊಡ್ಡ ಅಂಕಿಯ ಟ್ಯಾಪ್, ಕೆಳಗಿಳಿದಂತೆ 20, 17, 14 ಎಂದು ಇಳಿಸುತ್ತ ಹೋಗಬೇಕು. ಎಲ್ಲ ಮಾಳಿಗೆಗೂ ಒಂದೇ ಅಂಕಿಯ ಟ್ಯಾಪನ್ನು ಡಜನ್ ಲೆಕ್ಕದಲ್ಲಿ ತಂದು ಹಾಕುವುದು ನಾವು ಅತಿ ಹೆಚ್ಚು ಕಾಣುವ ತಪ್ಪು.

ಇಲ್ಲೊಂದು ಸೂಕ್ಷ್ಮ ಇದೆ. ಮೇಲಿನ ಮಾಳಿಗೆಯವರು ಸಿಗ್ನಲ್ ಸಾಲದು ಎಂದು ಗಲಾಟೆ ಮಾಡಿದರೆಂದು 23ರ ಬದಲು 11ರ ಟ್ಯಾಪ್ ಹಾಕಿದಿರಿ ಎನ್ನಿ. ಮೋಡೆಮ್ 31ಕ್ಕೆ ಇಳಿದು ಪಿಸುಗುಟ್ಟುತ್ತದೆ, ಆದರೆ ಅದೇ ಮನೆಯ ಮಿಕ್ಸರ್ ಎಬ್ಬಿಸುವ ವಿದ್ಯುತ್ ಗದ್ದಲ 12 ಡಿಬಿ ಕಡಿಮೆ ತಡೆಯೊಂದಿಗೆ ಮೇಲೇರುತ್ತದೆ. ಅಪ್‌ಸ್ಟ್ರೀಮ್ ಪವರ್ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಿಡಿ.

ಒಂದೇ ಮನೆಯ ತೊಂದರೆ ಇಡೀ ಕಟ್ಟಡಕ್ಕೆ ಹಬ್ಬುವುದು ಹೇಗೆ?

ಡೌನ್‌ಸ್ಟ್ರೀಮ್ ಒಂದು ನಲ್ಲಿಯಿಂದ ನೂರು ಮನೆಗೆ ನೀರು ಬಿಟ್ಟ ಹಾಗೆ. ಅಪ್‌ಸ್ಟ್ರೀಮ್ ನೂರು ಮನೆಯ ಬಚ್ಚಲು ಒಂದೇ ಗಟಾರಕ್ಕೆ ಸೇರಿದ ಹಾಗೆ. ನೋಡ್ (ಕಂಪನಿಯ ಫೈಬರ್ ಬಂದು ಕೋಆಕ್ಸ್‌ಗೆ ಬದಲಾಗುವ ಪೆಟ್ಟಿಗೆ) ಕೆಳಗಿನ ಎಲ್ಲ ಮನೆಗಳ ಗದ್ದಲ ಒಂದೇ ಕಡೆ ಕೂಡುತ್ತದೆ.

ನೆಲಮಾಳಿಗೆಯಲ್ಲಿ ಹೋಟೆಲ್ ಇರುವ ಕಟ್ಟಡಗಳಲ್ಲಿ ಬೆಳಗಿನ ಜಾವ ಅಪ್‌ಸ್ಟ್ರೀಮ್ ಕೆಡುವುದುಂಟು. ಬೈಸಿಕೊಳ್ಳುವುದು ದೋಸೆ ಹಿಟ್ಟಿನ ಗ್ರೈಂಡರ್. ಅದರಲ್ಲಿ ಸಾಮಾನ್ಯವಾಗಿ ಇಂಡಕ್ಷನ್ ಮೋಟರ್, ಕಿಡಿ ಇಲ್ಲ. ತಪ್ಪಿತಸ್ಥ ಹೆಚ್ಚಾಗಿ ಚಟ್ನಿ ಅರೆಯುವ ಮಿಕ್ಸರ್. ಅದರ ಕಾರ್ಬನ್ ಬ್ರಶ್ ಕಿಡಿ ಹಾರಿಸುತ್ತ ತಿರುಗುತ್ತದೆ. ಹಾಗೆಂದು ಮಿಕ್ಸರ್ ನಿಲ್ಲಿಸಲು ಹೇಳಲಾದೀತೇ? ಗದ್ದಲ ಒಳಗೆ ಬರಲು ಬಾಗಿಲು ಕೊಟ್ಟದ್ದು ಅಲ್ಲೇ ಟಿವಿಯ ಹಿಂದಿನ ಸಡಿಲ ಕನೆಕ್ಟರ್. ಅದನ್ನು ಸರಿಪಡಿಸಿ.

ಹುಡುಕುವ ಕ್ರಮ ಹೀಗೆ. ನೋಡ್‌ನ ರಿಟರ್ನ್ ಟೆಸ್ಟ್ ಪಾಯಿಂಟಿಗೆ ಸ್ಪೆಕ್ಟ್ರಮ್ ಅನಲೈಸರ್ ಹಾಕಿ. ಟೆಸ್ಟ್ ಪಾಯಿಂಟ್ ಬಹಳಷ್ಟು ಕಡೆ 20 ಡಿಬಿ ತಗ್ಗಿಸಿ ತೋರಿಸುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ನೋಡ್‌ನಿಂದ ಹೊರಡುವ ಒಂದೊಂದು ಕಾಲಿನ (ಕವಲಿನ) ಸಿಗ್ನಲ್ಲನ್ನು ಕೆಲವು ಸೆಕೆಂಡು ತಗ್ಗಿಸಿ, ಗದ್ದಲದ ತಳಮಟ್ಟ ಯಾವಾಗ ಕುಸಿಯುತ್ತದೆ ನೋಡಿ. ಆ ಕಾಲು ಹಿಡಿದು ಮುಂದಿನ ಆಂಪ್ಲಿಫೈಯರ್, ಮುಂದಿನ ಟ್ಯಾಪ್, ಮುಂದಿನ ಮನೆ. ಟಿವಿ ಮಾತ್ರ ಇರುವ ಮನೆಗಳಿಗೆ 5–65 ಮೆಗಾಹರ್ಟ್ಜ್ ತಡೆಯುವ ಹೈ-ಪಾಸ್ ಫಿಲ್ಟರ್ ಹಾಕಿಬಿಟ್ಟರೆ ಅರ್ಧ ಕಟ್ಟಡ ಅನುಮಾನದ ಪಟ್ಟಿಯಿಂದ ಹೊರಗಾಗುತ್ತದೆ. ಹೊಸ ಅಪ್‌ಸ್ಟ್ರೀಮ್ ಚಾನಲ್‌ಗಳನ್ನು 20 ಮೆಗಾಹರ್ಟ್ಜ್‌ಗಿಂತ ಕೆಳಗೆ ಇಡಬೇಡಿ. ಅಲ್ಲಿ ಶಾರ್ಟ್‌ವೇವ್ ರೇಡಿಯೋದಿಂದ ಮೋಟರ್‌ವರೆಗೆ ಎಲ್ಲರ ಸದ್ದೂ ಇದೆ.

ಲಾಗ್‌ನಲ್ಲಿ ಟಿ3, ಟಿ4 ಎಂದು ಸಾಲು ಸಾಲಾಗಿ ಬರುತ್ತದೆ. ಏನರ್ಥ?

ಟಿ3 ಎಂದರೆ ಮೋಡೆಮ್ ಕೂಗಿತು, 200 ಮಿಲಿಸೆಕೆಂಡಿನಲ್ಲಿ ಉತ್ತರ ಬರಲಿಲ್ಲ. ಸತತ 16 ಸಲ ಹೀಗಾದರೆ ಆ ಅಪ್‌ಸ್ಟ್ರೀಮ್ ಕೈಬಿಡುತ್ತದೆ. ಹೆಚ್ಚಾಗಿ ಅಪ್‌ಸ್ಟ್ರೀಮ್ ಗದ್ದಲ ಇಲ್ಲವೇ ಪವರ್ ಮಿತಿ. ಟಿ4 ಎಂದರೆ ಮಾತಾಡಲು ಮೋಡೆಮ್‌ಗೆ ಅರ್ಧ ನಿಮಿಷವಾದರೂ ಸರದಿಯೇ ಸಿಗಲಿಲ್ಲ. ಡೌನ್‌ಸ್ಟ್ರೀಮ್ ಕಡಿದಾಗಲೂ ಇದು ಬರುತ್ತದೆ. ದಿನಕ್ಕೊಂದು ಟಿ3 ಇದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಒಂದೇ ನಿಮಿಷದಲ್ಲಿ ನೆರೆಯ ಹತ್ತು ಮೋಡೆಮ್‌ಗಳಲ್ಲೂ ಬಂದರೆ ನಿಮ್ಮ ಮನೆ ಹುಡುಕಬೇಡಿ, ಟೆರೇಸಿಗೆ ಹೋಗಿ.

ಒಂದೆರಡು ಚಾನಲ್‌ನಲ್ಲಿ ಮಾತ್ರ ದೋಷ ಏರುತ್ತದೆ. ಏಕೆ?

ಹೊರಗಿನ ರೇಡಿಯೋ ಒಳಗೆ ನುಗ್ಗುತ್ತಿದೆ. 88–108ರಲ್ಲಾದರೆ ಎಫ್‌ಎಂ. 700, 850, 900 ಮೆಗಾಹರ್ಟ್ಜ್ ಹತ್ತಿರವಾದರೆ ಮೊಬೈಲ್ ಟವರ್, ಮತ್ತು ಅದು ಬಹಳ ಸಲ ನಿಮ್ಮದೇ ಸೊಸೈಟಿಯ ಟೆರೇಸಿನಲ್ಲಿ ಬಾಡಿಗೆಗೆ ನಿಂತಿರುತ್ತದೆ. ನಾಲ್ಕು ಪದರದ ಶೀಲ್ಡ್ ಇರುವ ಕೇಬಲ್ ಹಾಕಿ, ಕನೆಕ್ಟರ್ ಬದಲಿಸಿ. ಅದೂ ಸಾಲದಿದ್ದರೆ ಆ ಫ್ರೀಕ್ವೆನ್ಸಿಯನ್ನು ಬಿಟ್ಟುಕೊಡುವುದು ಜಾಣತನ.

ಚಾನಲ್ ಲೆವೆಲ್‌ಗಳು ಅಲೆಅಲೆಯಾಗಿ ಏರಿಳಿಯುತ್ತವೆ. ಅದರಿಂದ ದೋಷದ ಜಾಗ ತಿಳಿಯಬಹುದೇ?

ತಿಳಿಯಬಹುದು. ಕೇಬಲ್ ಹಾಳಾದ ಎರಡು ಜಾಗಗಳ ನಡುವೆ ಸಿಗ್ನಲ್ ಪ್ರತಿಧ್ವನಿಸಿದಾಗ ಈ ಅಲೆ ಹುಟ್ಟುತ್ತದೆ. ಎರಡು ಶಿಖರಗಳ ನಡುವಿನ ಅಂತರವನ್ನು ಮೆಗಾಹರ್ಟ್ಜ್‌ನಲ್ಲಿ ಓದಿ, 127.5ನ್ನು ಅದರಿಂದ ಭಾಗಿಸಿ, ಮೀಟರ್ ಲೆಕ್ಕದ ದೂರ ಸಿಗುತ್ತದೆ. 150ನ್ನು ಕೇಬಲ್‌ನ ವೇಗಾಂಶ (ಬೆಳಕಿನ ವೇಗದಲ್ಲಿ ಎಷ್ಟು ಪಾಲು ವೇಗದಲ್ಲಿ ಸಿಗ್ನಲ್ ಓಡುತ್ತದೆ ಎಂಬುದು) 0.85ರಿಂದ ಗುಣಿಸಿದ್ದೇ 127.5. ಶಿಖರಗಳು 8.5 ಮೆಗಾಹರ್ಟ್ಜ್‌ಗೊಂದು ಇದ್ದರೆ 15 ಮೀಟರ್. ಎರಡರಲ್ಲಿ ಗೊತ್ತಿರುವ ಜಾಗದಿಂದ 15 ಮೀಟರ್ ಕೇಬಲ್ ಹಿಡಿದು ನಡೆಯಿರಿ, ಕಿಟಕಿಯ ಗ್ರಿಲ್‌ಗೆ ಸಿಕ್ಕಿ ಚಪ್ಪಟೆಯಾದ ಜಾಗವೋ, ಮೊಳೆ ತೂರಿದ ಜಾಗವೋ ಕೈಗೆ ತಾಗುತ್ತದೆ.

ಕೇಬಲ್ ಮುಟ್ಟಿದರೆ ಜುಮ್ ಎನ್ನುತ್ತದೆ. ಅಪಾಯವೇ?

ಅಪಾಯ ಎಂದೇ ಮೊದಲು ತಿಳಿಯಿರಿ. ಎರಡು ಪಿನ್ನಿನ ಅಡಾಪ್ಟರುಗಳ ಸಣ್ಣ ಸೋರಿಕೆಯಿಂದ ಡಿಜಿಟಲ್ ಮೀಟರ್ 90–110 ವೋಲ್ಟ್ ತೋರಿಸಬಹುದು, ಅದರಲ್ಲಿ ಶಕ್ತಿ ಇರುವುದಿಲ್ಲ. ಆದರೆ ಎರಡು ಕಟ್ಟಡಗಳ ನಡುವೆ ಎಳೆದ ಕೇಬಲ್‌ನಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ನಿಜವಾದ ಕರೆಂಟೇ ಕವಚದಲ್ಲಿ ಹರಿಯುತ್ತದೆ. ಎರಡನ್ನೂ ಬೇರೆ ಮಾಡಿ ಹೇಳುವುದು ಕಡಿಮೆ ಇಂಪೀಡೆನ್ಸ್ ಮೋಡ್ ಇರುವ ಮೀಟರ್, ಅದನ್ನು ಬಳಸುವುದು ಎಲೆಕ್ಟ್ರಿಷಿಯನ್. ಕೇಬಲ್ ಪ್ರತಿ ಕಟ್ಟಡ ಪ್ರವೇಶಿಸುವಲ್ಲಿ ಗ್ರೌಂಡ್ ಬ್ಲಾಕ್ ಇರಲಿ, ಅದು ಕಟ್ಟಡದ ಅರ್ಥಿಂಗ್‌ಗೇ ಸೇರಲಿ, ನಲ್ಲಿಯ ಪೈಪಿಗಲ್ಲ. ಟೆರೇಸ್ ಆಂಪ್ಲಿಫೈಯರಿಗೆ ಲಿಫ್ಟ್ ರೂಮಿನಿಂದ ಕರೆಂಟ್ ಎಳೆದಿದ್ದರೆ ಆ ಸ್ವಿಚ್ ಮೇಲೆ ಹೆಸರು ಬರೆಯಿರಿ. ಲಿಫ್ಟ್ ರಿಪೇರಿಯವರು ಅದನ್ನು ಆರಿಸಿ ಹೋದರೆ ನಲವತ್ತು ಮನೆಯವರು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚುತ್ತಾರೆ.

ಒಂದು ನೋಡ್‌ಗೆ ಎಷ್ಟು ಮನೆ? ಸಾಮರ್ಥ್ಯದ ಲೆಕ್ಕ ಹೇಳಿ.

ಮನೆಗಳ ಸಂಖ್ಯೆಯಿಂದ ಶುರುಮಾಡಬೇಡಿ, ರಾತ್ರಿ 9ರಿಂದ 11ರ ಬಳಕೆಯಿಂದ ಶುರುಮಾಡಿ. ಈ ಉದ್ಯಮದಲ್ಲಿ ಬಳಕೆಯಲ್ಲಿರುವ ಸರಳ ಸೂತ್ರ: ಗ್ರಾಹಕರ ಸಂಖ್ಯೆ ಗುಣಿಸು ಆ ಹೊತ್ತಿನ ತಲಾ ಸರಾಸರಿ ಬಳಕೆ, ಅದಕ್ಕೆ ಕೂಡಿಸು ಅತಿ ದೊಡ್ಡ ಪ್ಲಾನಿನ 1.2 ಪಟ್ಟು. 200 ಗ್ರಾಹಕರು, ತಲಾ 2.5 ಎಂಬಿಪಿಎಸ್ ಎಂದು ನಿಮ್ಮ ಸಿಎಂಟಿಎಸ್ (ಎಲ್ಲ ಮೋಡೆಮ್‌ಗಳ ಜೊತೆ ಮಾತಾಡುವ, ಕಂಪನಿಯ ಕಡೆಯ ಯಂತ್ರ) ತೋರಿಸಿತು, ದೊಡ್ಡ ಪ್ಲಾನ್ 300 ಎಂದಿಟ್ಟುಕೊಳ್ಳಿ. 500 ಕೂಡಿಸು 360, ಒಟ್ಟು 860 ಎಂಬಿಪಿಎಸ್ ಬೇಕು. 8 ಮೆಗಾಹರ್ಟ್ಜ್‌ನ ಒಂದು 256-ಕ್ಯಾಮ್ ಚಾನಲ್ ಕಚ್ಚಾ ಲೆಕ್ಕದಲ್ಲಿ 55.6, ಕೈಗೆ ಸಿಗುವುದು ಸುಮಾರು 50. 16 ಚಾನಲ್ ಸಾಲದು, 24 ಬೇಕು. ನಾಳೆ 500ರ ಪ್ಲಾನ್ ಮಾರಿದರೆ ಗ್ರಾಹಕರು ಒಬ್ಬರೂ ಹೆಚ್ಚದಿದ್ದರೂ ಬೇಡಿಕೆ 1100ಕ್ಕೆ ಏರುತ್ತದೆ. ಇದನ್ನು ಮಾರ್ಕೆಟಿಂಗ್‌ನವರಿಗೆ ಹೇಳುವವರು ಯಾರು ಎಂಬುದು ಬೇರೆ ಪ್ರಶ್ನೆ.

ಅಪ್‌ಸ್ಟ್ರೀಮ್‌ಗೂ ಇದೇ ಸೂತ್ರ. 6.4 ಮೆಗಾಹರ್ಟ್ಜ್‌ನ 64-ಕ್ಯಾಮ್ ಚಾನಲ್‌ನಿಂದ ಸುಮಾರು 27 ಎಂಬಿಪಿಎಸ್, ನಾಲ್ಕರಿಂದ 108. ನೋಡ್ ಒಡೆಯಬೇಕಾಗಿ (ಅದರ ಮನೆಗಳನ್ನು ಎರಡು ನೋಡ್‌ಗೆ ಹಂಚಬೇಕಾಗಿ) ಬರುವುದು ಹೆಚ್ಚಾಗಿ ಈ ಸಣ್ಣ ಅಂಕಿಯಿಂದಲೇ. ಗರಿಷ್ಠ ಹೊತ್ತಿನ ಬಳಕೆ 70 ಶೇಕಡಾ ದಾಟಿದಾಗಲೇ ನೋಡ್ ಒಡೆಯುವ ಕೆಲಸ ಯೋಜಿಸಿ. ಮಳೆಗಾಲದಲ್ಲಿ ರಸ್ತೆ ಅಗೆಯಲು ಬಿಎಂಸಿ ಸಾಮಾನ್ಯವಾಗಿ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ತಪ್ಪಿದ ಕೆಲಸ ಅಕ್ಟೋಬರ್‌ಗೆ ಹೋಗುತ್ತದೆ.

ಮಗ ವಿಡಿಯೋ ಅಪ್‌ಲೋಡ್ ಮಾಡಿದರೆ ನನ್ನ ಮೀಟಿಂಗ್ ತಡವರಿಸುತ್ತದೆ.

ಅಪ್‌ಲೋಡ್ ಸರದಿ ಮೋಡೆಮ್‌ನ ಬಫರ್‌ನಲ್ಲಿ ತುಂಬಿ ನಿಲ್ಲುತ್ತದೆ. ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಪ್ಲಾನಿನ 85–90 ಶೇಕಡಾಕ್ಕೆ ಕಟ್ಟಿ. ಡಾಕ್ಸಿಸ್ 3.1 ಮೋಡೆಮ್‌ಗಳಲ್ಲಿ ಇದನ್ನು ನಿಭಾಯಿಸುವ ವ್ಯವಸ್ಥೆ ಒಳಗೇ ಇದೆ.

ಡಾಕ್ಸಿಸ್ 3.1ಕ್ಕೆ ಹೋಗಬೇಕೇ, ನೇರ ಫೈಬರ್ ಎಳೆಯಬೇಕೇ?

2013ರಲ್ಲಿ ಬಂದ 3.1ರಲ್ಲಿ 192 ಮೆಗಾಹರ್ಟ್ಜ್ ಅಗಲದ ಚಾನಲ್, 4096-ಕ್ಯಾಮ್ ತನಕ ಅವಕಾಶ ಇದೆ. ಆದರೆ 4096-ಕ್ಯಾಮ್‌ಗೆ ಸುಮಾರು 41 ಡಿಬಿ ಶುದ್ಧತೆ ಬೇಕು. ತುಕ್ಕು ಹಿಡಿದ ಟ್ಯಾಪ್‌ಗಳ ಸಾಲು ಅದನ್ನು ಕೊಡುವುದಿಲ್ಲ. ಕೋಆಕ್ಸ್ ಹೊಸದು, ನೋಡ್ ಆಚೆ ಒಂದೆರಡೇ ಆಂಪ್ಲಿಫೈಯರ್ ಎಂದರೆ 3.1 ಅಗ್ಗ ಮತ್ತು ಬೇಗ. ಗೋಡೆ ಕೊರೆಯಲು ಜಾಗವಿಲ್ಲದ ಹಳೆಯ ಚಾಳ್‌ಗಳಿಗೂ ಅದೇ ಸರಿ. ಕೇಬಲ್ ಹೇಗೂ ಬದಲಿಸಲೇಬೇಕು ಎಂದಾದರೆ ಹೊಸ ಕೋಆಕ್ಸ್‌ಗೆ ದುಡ್ಡು ಹಾಕಬೇಡಿ, ಫೈಬರ್ ಎಳೆಯಿರಿ. ಟೆರೇಸಿನಲ್ಲಿ ಕರೆಂಟ್ ಬೇಡ, ತುಕ್ಕಿನ ಭಯ ಕಡಿಮೆ. ಜಿಪಾನ್ ಎಂಬ ಫೈಬರ್ ಪದ್ಧತಿಯಲ್ಲಿ ಒಂದು ಪೋರ್ಟಿಗೆ 2.488 ಜಿಬಿಪಿಎಸ್ ಇಳಿಕೆ, 1.244 ಏರಿಕೆ. ಬಿ+ ದರ್ಜೆಯ ಸಲಕರಣೆಯಲ್ಲಿ ದಾರಿಯುದ್ದಕ್ಕೂ ಕಳೆದುಕೊಳ್ಳಬಹುದಾದ 28 ಡಿಬಿ ಬಜೆಟ್‌ನಲ್ಲಿ 1:32 ಸ್ಪ್ಲಿಟರ್ ಒಂದೇ 17 ಡಿಬಿ ತಿನ್ನುತ್ತದೆ. ಮನೆಗೆ ತಲುಪುವ ಬೆಳಕಿನ ಬಲ −27 ಡಿಬಿಎಂಗಿಂತ ಕೆಳಗೆ ಹೋದರೆ ದೀಪ ಕೆಂಪಾಗುತ್ತದೆ. ಅದಕ್ಕೆ −24ನ್ನೇ ಗಡಿ ಮಾಡಿಕೊಳ್ಳಿ.

ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರ್‌ಗೆ ಏನು ಬರೆಸಬೇಕು?

ಪ್ರತಿ ಮಾಳಿಗೆಯಲ್ಲೂ ಬಾಗಿಲು ತೆರೆಯುವ ಲೋ-ವೋಲ್ಟೇಜ್ ಶಾಫ್ಟ್, ವಿದ್ಯುತ್ ಶಾಫ್ಟಿನಿಂದ ಕನಿಷ್ಠ ಒಂದಡಿ ದೂರ. ಅಲ್ಲಿಂದ ಪ್ರತಿ ಫ್ಲಾಟಿಗೆ ಎಳೆಹಗ್ಗ ಬಿಟ್ಟ ಎರಡು 25 ಮಿಲಿಮೀಟರ್ ಪೈಪ್, ಒಂದು ಖಾಲಿ ಉಳಿಯಲಿ. ತಿರುವುಗಳು 90 ಡಿಗ್ರಿಯ ಮೊಣಕೈ ಆಗದೆ ನಿಧಾನ ಬಾಗಿರಲಿ: ಆರ್‌ಜಿ-6 ಬಾಗಲು 75 ಮಿಲಿಮೀಟರ್ ತ್ರಿಜ್ಯ ಬೇಕು, ಜಿ.657.ಎ2 ಫೈಬರ್‌ಗೆ 7.5 ಸಾಕು. ಫ್ಲಾಟಿನೊಳಗೆ ಪೈಪ್ ಕೊನೆಗೊಳ್ಳುವ ಜಾಗ ಹಾಲ್‌ನ ನಡುಗೋಡೆಯಾಗಲಿ, ಪ್ಲಗ್ ಪಾಯಿಂಟ್ ಅದರ ಪಕ್ಕದಲ್ಲೇ ಇರಲಿ. ಬಿಲ್ಡರುಗಳು ಇದನ್ನು ಬಾಗಿಲ ಹಿಂದೆ, ಮೀಟರ್ ಬೋರ್ಡಿನ ಕಬ್ಬಿಣದ ಪೆಟ್ಟಿಗೆಯೊಳಗೆ ತುರುಕುತ್ತಾರೆ. ಅಲ್ಲಿಟ್ಟ ವೈಫೈ ಅಡುಗೆಮನೆಗೂ ತಲುಪುವುದಿಲ್ಲ. ನಕ್ಷೆಗೆ ಸಹಿ ಹಾಕುವ ಮೊದಲೇ ಆ ಜಾಗಕ್ಕೆ ಗುರುತು ಹಾಕಿಸಿ.